ದಫ್ತರು ಒಂದೆಡೆ, ಕೀಲಿ ಇನ್ನೊಂದೆಡೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಪಹಣಿಗೆ 'ಉತಾರ' ಅಂತಾರೆ. ಬ್ಯಾಂಕಿನಲ್ಲಿ ಬೆಳೆಸಾಲ ಕೇಳಿದರೂ "ಉತಾರ ತಗೊಂಡ್ ಬರ್ರಿ", ಕೋರ್ಟಿನಲ್ಲಿ ವಾಟಣಿ ದಾವೆ ಹಾಕಿದರೂ ಮೊದಲು ಉತಾರ. ಈ ಭಾಗ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿತ್ತಲ್ಲ, ಅಲ್ಲಿಂದ ಬಂದ ಮರಾಠಿ ಪದ ಅದು. ಮೂಲ ದಾಖಲೆಯಿಂದ ಬೇಕಾದಷ್ಟನ್ನು ಇಳಿಸಿಕೊಂಡ ನಕಲು ಅಂತ ಅರ್ಥ. ನಮ್ಮ ಲ್ಯಾಪ್‌ಟಾಪ್ ಭಾಷೆಯಲ್ಲಿ ಹೇಳೋದಾದರೆ, ಉತಾರ ಅಂದರೆ ಒಂದು ಕ್ವೆರಿಗೆ ಸಿಕ್ಕ ಉತ್ತರ. ಊರು ಇದು, ಸರ್ವೆ ನಂಬರ್ ಇದು, ಇದರ ಸಾಲು ಕೊಡಿ ಅಂತ ಕೇಳಿದ್ದಕ್ಕೆ ಬಂದದ್ದು.

ಯಾವ ಕ್ವೆರಿಯಲ್ಲೂ ಮೂರು ಸಂಗತಿ ಇರುತ್ತವೆ: ಏನು ಬೇಕು, ಅದನ್ನು ಹೇಗೆ ತರಬೇಕು, ತರೋದಕ್ಕೆ ಅಧಿಕಾರ ಯಾರಿಗಿದೆ. ಇವತ್ತು ಡೇಟಾ ಕೆಲಸ ಮಾಡುವವರು ಈ ಮೂರನೆಯದಕ್ಕೆ ಎಪಿಐ ಕೀ ಅಂತಾರೆ. ಕಚೇರಿಗಳಲ್ಲಿ ಓಡಾಡುವ ಎಷ್ಟೋ ಎಕ್ಸೆಲ್ ಫೈಲು, ಪವರ್ ಬಿಐ ರಿಪೋರ್ಟು, ಪೈಥಾನ್ ಸ್ಕ್ರಿಪ್ಟುಗಳನ್ನು ಬಿಚ್ಚಿ ನೋಡಿದರೆ ಎರಡನೆಯದರ ಹೊಟ್ಟೆಯೊಳಗೇ ಮೂರನೆಯದು ಕೂತಿರುತ್ತದೆ. ಡೇಟಾ ತರುವ ಫಂಕ್ಷನ್ನಿನ ಮಧ್ಯದಲ್ಲಿ, ಕೊಟೇಶನ್ ಗುರುತುಗಳ ನಡುವೆ, ನಲವತ್ತು ಐವತ್ತು ಅಕ್ಷರದ ಒಂದು ಸಾಲು. ಯಾರೋ ಒಬ್ಬರ ಹೆಸರಿನಲ್ಲಿ ಪಡೆದ ಕೀ. ಅದನ್ನು ಹೊರಗೆ ತೆಗೆದು ಪ್ಯಾರಾಮೀಟರ್ ಮಾಡಬೇಕು ಅಂತ ಎಲ್ಲ ಟೀಮಿನಲ್ಲೂ ಯಾರಾದರೊಬ್ಬರು ಹೇಳ್ತಾರೆ. ಕೇಳಿದವರಿಗೆ ಅದು ಬರೀ ಅಚ್ಚುಕಟ್ಟಿನ ಮಾತು ಅನಿಸುತ್ತೆ.

ನನಗೆ ಅದು ಅಚ್ಚುಕಟ್ಟಿನ ಮಾತು ಅನಿಸೋದಿಲ್ಲ. ಈ ಮೂರು ತಾಲ್ಲೂಕಿನ ಉತಾರದ ಚರಿತ್ರೆ ಓದಿದರೆ, ಕೀಲಿಯನ್ನು ದಫ್ತರಿನಿಂದ ಬೇರ್ಪಡಿಸೋದಕ್ಕೆ ಒಂದು ಸಮಾಜ ನೂರು ವರ್ಷಕ್ಕೂ ಹೆಚ್ಚು ಕಾಲ ಹೆಣಗಿದ್ದು ಕಾಣುತ್ತೆ.

ಮೊದಲು ಕುಲಕರ್ಣಿಯಿಂದ ಶುರು ಮಾಡೋಣ. ಹಳೇ ಮೈಸೂರಿನಲ್ಲಿ ಶ್ಯಾನುಭೋಗ, ಈ ಕಡೆ ಕುಲಕರ್ಣಿ. ಊರಿನ ಲೆಕ್ಕ ಬರೆಯುವ ವಂಶಪಾರಂಪರ್ಯದ ಹುದ್ದೆ. ಅದಕ್ಕೆ ವತನದ ಜಮೀನು, ಹಕ್ಕುಬಾಧ್ಯತೆ ಎಲ್ಲ ಇತ್ತು. ಲೆಕ್ಕದ ಕಾಗದಗಳು ಬಟ್ಟೆಯಲ್ಲಿ ಕಟ್ಟಿದ ದಫ್ತರುಗಳಾಗಿ ಸಾಮಾನ್ಯವಾಗಿ ಕುಲಕರ್ಣಿಯ ಮನೆಯಲ್ಲೇ ಇರುತ್ತಿದ್ದವು. ಬರವಣಿಗೆ ಬಹುಮಟ್ಟಿಗೆ ಮೋಡಿ ಲಿಪಿ. ಲೇಖನಿ ಎತ್ತದೆ ಸರಸರ ಬರೆಯೋದಕ್ಕೆ ಹುಟ್ಟಿದ ಲಿಪಿ ಅದು. ಓದೋದಕ್ಕೆ ಅಭ್ಯಾಸ ಬೇಕು. ಇವತ್ತಿಗೂ ಹಳೆಯ ದಾಖಲೆ ಬೇಕಾದವರು ಮೋಡಿ ಬಲ್ಲವರನ್ನು ಹುಡುಕಿಕೊಂಡು ಹೋಗ್ತಾರೆ.

ಅಂದರೆ ರೈತನೊಬ್ಬ ತನ್ನ ಹೊಲ ಎಷ್ಟು, ತೀರ್ವೆ ಎಷ್ಟು ಅಂತ ತಿಳಿಯಬೇಕಾದರೆ ಒಂದೇ ದಾರಿ. ದಾಖಲೆ ಎಲ್ಲಿದೆ ಅಂತ ಗೊತ್ತಿದ್ದವನು ಕುಲಕರ್ಣಿ, ಅದನ್ನು ಹುಡುಕುವ ಕ್ರಮ ಗೊತ್ತಿದ್ದವನು ಕುಲಕರ್ಣಿ, ತೆರೆಯುವ ಅಧಿಕಾರ ಇದ್ದವನೂ ಕುಲಕರ್ಣಿ. ದಾಖಲೆ, ವಿಧಾನ, ಕೀಲಿ ಮೂರೂ ಒಂದೇ ಮನುಷ್ಯನಲ್ಲಿ ಸೇರಿದ್ದವು. ಆತ ಊರಿನಲ್ಲಿಲ್ಲದಿದ್ದರೆ ಕೆಲಸ ನಿಂತಿತು. ಆತನಿಗೂ ನಿಮಗೂ ಮಾತು ನಿಂತಿದ್ದರಂತೂ ಮುಗೀತು. ಕುಲಕರ್ಣಿ ಮನೆತನದವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಎಷ್ಟೋ ಊರಲ್ಲಿ ಅಷ್ಟು ಕಷ್ಟದ ಲೆಕ್ಕವನ್ನು ತಲೆತಲಾಂತರ ಶಿಸ್ತಿನಿಂದ ಇಟ್ಟವರೂ ಅವರೇ. ದೋಷ ಇದ್ದದ್ದು ಏರ್ಪಾಟಿನಲ್ಲಿ. ಕೀಲಿಯನ್ನು ಕೆಲಸದೊಳಗೇ ಹೊಲಿದುಬಿಟ್ಟರೆ, ಎಂಥ ಒಳ್ಳೆಯವನ ಕೈಯಲ್ಲಿದ್ದರೂ ಆ ಕೆಲಸವನ್ನು ಇನ್ನೊಬ್ಬನಿಗೆ ದಾಟಿಸೋಕಾಗಲ್ಲ.

1836ರಲ್ಲಿ ಬೆಳಗಾವಿ ಧಾರವಾಡದಿಂದ ಬೇರೆ ಜಿಲ್ಲೆಯಾಯಿತು. ಮುಂಬೈ ಸರ್ಕಾರ ಹೊಲಹೊಲವನ್ನೂ ಅಳೆಸಿ ಸರ್ವೆ ನಂಬರ್ ಕೊಟ್ಟಿತು. 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ತಂದಿತು. ಆದರೂ ಕುಲಕರ್ಣಿಕೆ ಮಾತ್ರ ಮನೆತನದಲ್ಲೇ ಉಳಿಯಿತು, ಪಾಲಿಗೆ ಬಂದವರು ಸರದಿಯಂತೆ ನಡೆಸಿದರು. ನಿಜವಾದ ತಿರುವು ಬಂದದ್ದು 1903ರಲ್ಲಿ, ಮುಂಬೈ ಪ್ರಾಂತ್ಯದ ಹಕ್ಕುಪತ್ರ ದಾಖಲೆ ಕಾಯ್ದೆಯಿಂದ. ಪ್ರತಿ ಹೊಲಕ್ಕೆ ಯಾರ ಹಕ್ಕು, ಯಾವ ಬೆಳೆ ಅನ್ನೋದನ್ನು ನಿಗದಿಯಾದ ನಮೂನೆಯಲ್ಲಿ ಬರೆಯೋದು ಗಟ್ಟಿಯಾದದ್ದು ಆ ದಾರಿಯಲ್ಲಿ. ಅದರಲ್ಲಿ 7ನೇ ನಮೂನೆ, 12ನೇ ನಮೂನೆ ಸೇರಿ ಆದದ್ದೇ 'ಸಾತ್‌ಬಾರಾ' ಉತಾರ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಇಂದಿಗೂ ಅದೇ ಹೆಸರು.

ಅಚ್ಚು ಹಾಕಿದ ಈ ನಮೂನೆಯನ್ನು ಒಂದು ಕ್ಷಣ ಗಮನಿಸಿ. ಗೆರೆ, ಕಾಲಂ, ತಲೆಬರಹ ಎಲ್ಲ ಊರಿಗೂ ಒಂದೇ. ಖಾಲಿ ಬಿಟ್ಟ ಜಾಗಗಳು ಮಾತ್ರ ಊರಿಂದೂರಿಗೆ ಬೇರೆ: ಗ್ರಾಮ, ತಾಲ್ಲೂಕು, ಸರ್ವೆ ನಂಬರ್, ಕೊನೆಗೆ ಸಹಿ. ಪ್ಯಾರಾಮೀಟರ್ ಅಂದರೆ ಇಷ್ಟೇ. ಬದಲಾಗುವುದಕ್ಕೆ ಖಾಲಿ ಜಾಗ ಬಿಟ್ಟು, ಬದಲಾಗದ್ದನ್ನು ಅಚ್ಚು ಹಾಕೋದು. ಇದರಲ್ಲಿ ನನಗೆ ಮುಖ್ಯ ಅನಿಸೋದು ಆ ಸಹಿಯ ಜಾಗ. ಸಹಿ ಯಾರದು ಅನ್ನೋದನ್ನು ಯಾರೂ ನಮೂನೆಯಲ್ಲೇ ಅಚ್ಚು ಹಾಕಿಸಲಿಲ್ಲ.

ಅದೇ ಕಾಲದಲ್ಲಿ ವತನದ ಕುಲಕರ್ಣಿಯ ಜಾಗಕ್ಕೆ ನಿಧಾನವಾಗಿ ಸಂಬಳದ ತಲಾಠಿ ಬಂದ. 1950ರ ಮುಂಬೈ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ ಉಳಿದದ್ದನ್ನು ಮುಗಿಸಿತು. ತಲಾಠಿಗೆ ವರ್ಗಾವಣೆ ಇತ್ತು. ಇವತ್ತು ಹುಕ್ಕೇರಿ ಕಡೆಯ ಹಳ್ಳಿ, ನಾಳೆ ಇನ್ನೊಂದು. ಚಾರ್ಜ್ ಕೊಡುವಾಗ ದಫ್ತರುಗಳನ್ನು ಎಣಿಸಿ ಒಪ್ಪಿಸಿ ಹೋಗಬೇಕು. ಮನುಷ್ಯ ಬದಲಾದರೂ ದಫ್ತರು ಅಲ್ಲೇ. ಕುಲಕರ್ಣಿಕೆ ಹೋಯಿತು, ಅಡ್ಡಹೆಸರು ಮಾತ್ರ ಉಳಿಯಿತು. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಎಷ್ಟು ಜನ ಕುಲಕರ್ಣಿಗಳು ಇವತ್ತು ಡೇಟಾಬೇಸ್ ನೋಡಿಕೊಳ್ತಿದ್ದಾರೋ!

ಇತ್ತ ಮುಂಬೈ ಪ್ರಾಂತ್ಯದಲ್ಲಿ ಇದೆಲ್ಲ ನಡೆಯುವ ಮೊದಲೇ, 1883ರಲ್ಲಿ, ಅತ್ತ ಪ್ಯಾರಿಸಿನಲ್ಲಿ ಅಗುಸ್ಟ್ ಕೆರ್ಕಾಫ್ಸ್ ಅನ್ನುವ ಭಾಷಾ ಮೇಷ್ಟ್ರು ಸೇನೆಯ ಪತ್ರಿಕೆಯೊಂದರಲ್ಲಿ ಗುಪ್ತಲಿಪಿ ಬಗ್ಗೆ ಲೇಖನ ಬರೆದಿದ್ದರು. ಒಳ್ಳೆಯ ಗುಪ್ತಲಿಪಿ ವ್ಯವಸ್ಥೆಗೆ ಆರು ಲಕ್ಷಣ ಹೇಳಿದರು. ಅದರಲ್ಲಿ ಎರಡು ಇಂದಿಗೂ ಕಂಪ್ಯೂಟರ್ ಭದ್ರತೆಯ ಬಾಲಪಾಠ. ಒಂದು, ವ್ಯವಸ್ಥೆ ಗುಟ್ಟಾಗಿರಬೇಕಾದ ಅಗತ್ಯ ಇರಬಾರದು; ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು. ಇನ್ನೊಂದು, ಕೀಲಿಯನ್ನು ಬೇಕೆಂದಾಗ ಬದಲಿಸುವಂತಿರಬೇಕು. ಗುಟ್ಟೆಲ್ಲ ಕೀಲಿಯಲ್ಲೇ ಇರಲಿ, ಯಂತ್ರ ಊರಿಗೆಲ್ಲ ಗೊತ್ತಿದ್ದರೂ ಪರವಾಗಿಲ್ಲ ಅಂತ ತಾತ್ಪರ್ಯ.

ಕೆರ್ಕಾಫ್ಸ್ ಮೋಡಿ ಲಿಪಿಯ ದಫ್ತರು ನೋಡಿದ್ದರೆ ಏನನ್ನುತ್ತಿದ್ದರೋ. ಅಲ್ಲಿ ಗುಟ್ಟು ಕೀಲಿಯಲ್ಲಿರಲಿಲ್ಲ; ಇಡೀ ವ್ಯವಸ್ಥೆಯೇ ಗುಟ್ಟು. ಹಾಗಾಗಿಯೇ ಅದನ್ನು ರಿಪೇರಿ ಮಾಡೋಕೆ ಅಷ್ಟು ಕಾಲ ಹಿಡೀತು. ನಮ್ಮ ಸರ್ಕಾರಿ ಖಜಾನೆಗಳು ಈ ಪಾಠವನ್ನು ಬೇರೆ ರೀತಿಯಲ್ಲಿ ಕಲಿತಿದ್ದವು. ಖಜಾನೆ ಕೋಣೆಗೆ ಜೋಡಿ ಬೀಗ, ಒಂದೊಂದರ ಕೀಲಿ ಒಬ್ಬೊಬ್ಬ ಅಧಿಕಾರಿಯ ಹತ್ತಿರ. ಕೋಣೆ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತು.

ಈಗ 2000ಕ್ಕೆ ಬರೋಣ. ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಕರ್ನಾಟಕದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 177 ತಾಲ್ಲೂಕುಗಳಲ್ಲಿ ಕಿಯೋಸ್ಕ್ ಬಂದವು, ಗೋಕಾಕ, ಹುಕ್ಕೇರಿ ಸೇರಿ. ಮೂಡಲಗಿಯ ಊರುಗಳು ಆಗ ಗೋಕಾಕ ತಾಲ್ಲೂಕಿನಲ್ಲೇ ಇದ್ದವು. 15 ರೂಪಾಯಿ ಕೊಟ್ಟರೆ ಉತಾರ ಕೈಗೆ. ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಹೋಯಿತು. ಹಳೆಯ ತಪ್ಪುಗಳು ಹಾಗೆ ಹಾಗೇ ಕಂಪ್ಯೂಟರಿಗೆ ಏರಿದ್ದೂ ಉಂಟು, ತಿದ್ದುಪಡಿಗಾಗಿ ಜನ ಅಲೆದದ್ದೂ ಉಂಟು. ಆದರೆ ಈ ಲೇಖನಕ್ಕೆ ಬೇಕಾದ ಅಂಶ ಇದು: ಭೂಮಿ ತಂತ್ರಾಂಶ ಎಲ್ಲ ತಾಲ್ಲೂಕಿಗೂ ಒಂದೇ. ಯಾವ ತಾಲ್ಲೂಕು, ಯಾರು ತೆರೆಯುತ್ತಿದ್ದಾರೆ ಅನ್ನೋದು ಮಾತ್ರ ಹೊರಗಿನಿಂದ ಬರೋದು. ತೆರೆಯೋದಕ್ಕೆ ಸಿಬ್ಬಂದಿಯ ಬೆರಳಚ್ಚು. ಯಾವ ಬದಲಾವಣೆಯನ್ನು ಯಾರ ಬೆರಳು ಒಪ್ಪಿತು ಅನ್ನೋದು ದಾಖಲಾಗುತ್ತಿತ್ತು.

ಬೆರಳಚ್ಚಿನ ಬಗ್ಗೆ ಒಂದು ತಕರಾರು ಇದೆ. ಕೆರ್ಕಾಫ್ಸ್ ಹೇಳಿದ ಹಾಗೆ ಕೀಲಿ ಬದಲಿಸುವಂತಿರಬೇಕು; ಹೆಬ್ಬೆಟ್ಟು ಬದಲಿಸೋಕಾಗತ್ತಾ? ಆಗಲ್ಲ. ಆದರೆ ಆ ಬೆರಳಿಗೆ ಯಾವ ಬಾಗಿಲು ತೆರೆಯಬೇಕು ಅನ್ನುವ ಪಟ್ಟಿಯನ್ನು ಬದಲಿಸಬಹುದು. ವರ್ಗವಾದವನ ಹೆಸರು ಪಟ್ಟಿಯಿಂದ ತೆಗೆದರೆ ಮುಗೀತು. ತಂತ್ರಾಂಶದ ಒಂದು ಸಾಲೂ ಮುಟ್ಟಬೇಕಿಲ್ಲ. ಕುಲಕರ್ಣಿಯ ಮನೆಯಿಂದ ಇಲ್ಲಿವರೆಗೆ ಬಂದ ದೂರ ಅಷ್ಟು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಗತ್ತು ಎಪಿಐ ಕೀ ಅನ್ನೋದನ್ನು ಕಲಿಯುತ್ತಿತ್ತು. 2002ರಲ್ಲಿ ಗೂಗಲ್ ತನ್ನ ಹುಡುಕಾಟವನ್ನು ಬೇರೆಯವರ ಪ್ರೋಗ್ರಾಂಗಳಿಗೆ ತೆರೆದಾಗ ಪ್ರತಿಯೊಬ್ಬರಿಗೂ ಒಂದು ಕೀ ಕೊಟ್ಟಿತು, ದಿನಕ್ಕೆ 1000 ಪ್ರಶ್ನೆ ಅನ್ನುವ ಮಿತಿ ಹಾಕಿತು. 2005ರಲ್ಲಿ ಗೂಗಲ್ ಮ್ಯಾಪ್ಸ್ ಎಪಿಐ ಬಂದಾಗಲೂ ಕೀ. ಕೇಳುತ್ತಿರುವವರು ಯಾರು, ಎಷ್ಟು ಸಲ ಕೇಳಿದರು ಅಂತ ಎಣಿಸೋದೇ ಅದರ ಮೊದಲ ಕೆಲಸ, ರೇಷನ್ ಕಾರ್ಡ್ ಇದ್ದ ಹಾಗೆ. ನಿಮ್ಮ ಕಾರ್ಡು ಬೇರೆಯವರ ಕೈಗೆ ಸಿಕ್ಕರೆ ನಿಮ್ಮ ಪಾಲು ಅವರು ಎತ್ತುತ್ತಾರೆ. ದುಡ್ಡು ಕೊಟ್ಟು ಬಳಸುವ ಸೇವೆಯಾದರೆ ಬಿಲ್ಲು ನಿಮಗೆ ಬರುತ್ತೆ. ಆಮೇಲೆ ಕ್ಲೌಡ್ ಬಂತು. ಅಲ್ಲಿನ ಕೀಗಳು ಬರೀ ಎಣಿಕೆಗಲ್ಲ, ಇಡೀ ಗೋದಾಮಿಗೆ. ಉಬರ್ ಕಂಪನಿಗೆ ಆದದ್ದು ಇದೇ. 2014ರಲ್ಲಿ ಅದರ ಎಂಜಿನಿಯರ್ ಒಬ್ಬರು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ ಕೋಡಿನೊಳಗೆ ಕೀ ಇತ್ತು. ಚಾಲಕರ ಮಾಹಿತಿ ಸೋರಿತು. 2016ರಲ್ಲಿ ಮತ್ತೆ, ಈ ಸಲ ಬೀಗ ಹಾಕಿದ ರೆಪೊಸಿಟರಿಯೊಳಗಿನ ಕೋಡಿನಿಂದ, 5.7 ಕೋಟಿ ಜನರ ಮಾಹಿತಿ. 2019ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಗಿಟ್‌ಹಬ್‌ನ ಒಂದು ಭಾಗವನ್ನಷ್ಟೇ ಜಾಲಾಡಿದಾಗ ಒಂದು ಲಕ್ಷಕ್ಕೂ ಹೆಚ್ಚು ರೆಪೊಸಿಟರಿಗಳಲ್ಲಿ ಇಂಥ ಕೀಲಿಗಳು ಬಿದ್ದಿದ್ದವು.

ಭಾರತ ಸರ್ಕಾರ 2012ರಲ್ಲಿ ದತ್ತಾಂಶ ಹಂಚಿಕೆಯ ನೀತಿ ತಂದು ಡೇಟಾ ಡಾಟ್ ಗೌ ಡಾಟ್ ಇನ್ ತಾಣ ತೆರೆಯಿತು. ಕೃಷಿ ಮಾರುಕಟ್ಟೆಗಳ ದಿನದ ದರವೂ ಅಲ್ಲಿದೆ. ಹೆಸರು ನೋಂದಾಯಿಸಿದರೆ ಒಂದು ಕೀ ಕೊಡ್ತಾರೆ. ನೋಂದಾಯಿಸದವರಿಗೆ ಮಾದರಿ ಕೀ ಇದೆ, ಅದರಿಂದ ಒಂದು ಸಲಕ್ಕೆ 10 ಸಾಲು ಮಾತ್ರ. ಇದು ಸಾರ್ವಜನಿಕ ದತ್ತಾಂಶ, ಇಲ್ಲಿ ಕೀ ಬಚ್ಚಿಟ್ಟು ಏನಾಗಬೇಕು ಅಂತ ನೀವು ಕೇಳಬಹುದು. ನನ್ನ ಉತ್ತರ ಕಳ್ಳತನದ ಬಗ್ಗೆ ಅಲ್ಲ, ಕುಲಕರ್ಣಿಕೆಯ ಬಗ್ಗೆ.

ಗೋಕಾಕ ಕಡೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಕೂತು ಊರಿನವರಿಗಾಗಿ ಗೋವಿನಜೋಳದ ದರ ತರುವ ಎಕ್ಸೆಲ್ ಫೈಲು ಮಾಡಿದ ಅಂತ ಇಟ್ಟುಕೊಳ್ಳಿ. ಪವರ್ ಕ್ವೆರಿಯಲ್ಲಿ ಫಂಕ್ಷನ್ ಬರೆದ, ಒಳಗೇ ತನ್ನ ಕೀ ಹಾಕಿದ, ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿದ. ಚೆನ್ನಾಗಿಯೇ ನಡೀತು. ಐವತ್ತು ಜನರ ಕೈಗೆ ಹೋಯಿತು. ಈಗ ಐವತ್ತು ಜನ ಕೇಳುವ ಪ್ರಶ್ನೆಯೂ ಅವನೊಬ್ಬನ ಲೆಕ್ಕಕ್ಕೆ. ಅವನು ಕೀ ಬದಲಿಸಿದರೆ ಐವತ್ತು ಕಡೆ ಫೈಲು ಕೆಡುತ್ತೆ. ಬದಲಿಸದೇ ಬಿಟ್ಟರೆ ಅವನ ಹೆಸರಿನಲ್ಲಿ ಯಾರು ಏನು ಕೇಳುತ್ತಿದ್ದಾರೆ ಅಂತ ಅವನಿಗೇ ಗೊತ್ತಾಗಲ್ಲ. ಅವನು ಕೆಲಸ ಬಿಟ್ಟು, ಇಮೇಲ್ ಬದಲಿಸಿ, ಆಸಕ್ತಿ ಕಳೆದುಕೊಂಡರೆ ಫೈಲೂ ಅವನ ಹಿಂದೆಯೇ ಹೋಗುತ್ತೆ. ಒಳ್ಳೇ ಮನಸ್ಸಿನಿಂದಲೇ ಅವನೊಂದು ಹೊಸ ವತನ ಹುಟ್ಟುಹಾಕಿದ.

ಅದನ್ನೇ 'ದರ(ಮಾರುಕಟ್ಟೆ, ಕೀಲಿ)' ಅನ್ನುವ ಫಂಕ್ಷನ್ ಆಗಿ ಬರೆದಿದ್ದರೆ? ಎರಡು ಖಾಲಿ ಜಾಗ. ಫೈಲು ಪಡೆದವರು ತಮ್ಮ ಮಾರುಕಟ್ಟೆ, ತಮ್ಮ ಕೀಲಿ ತುಂಬಿಕೊಳ್ತಾರೆ. ಫಂಕ್ಷನ್ ಯಾರದೂ ಅಲ್ಲ, ಆದ್ದರಿಂದ ಎಲ್ಲರದೂ.

ಮೊದಲ ಖಾಲಿ ಜಾಗದ ಬೆಲೆಯನ್ನು ಈ ಮೂರು ತಾಲ್ಲೂಕಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. 2014ರ ನವೆಂಬರ್ 1ರಂದು ಬೆಲ್ಗಾಮ್ ಅಧಿಕೃತವಾಗಿ ಬೆಳಗಾವಿ ಆಯಿತು. ಹಳೆ ಹೆಸರನ್ನು ಫಂಕ್ಷನ್ನಿನೊಳಗೆ ಬರೆದಿಟ್ಟವರಿಗೆ, ಪಟ್ಟಿಯಲ್ಲಿ ಹೆಸರು ಬದಲಾದ ದಿನ ಬರೋದು ಖಾಲಿ ಕೋಷ್ಟಕ. ಆಮೇಲೆ ಮೂಡಲಗಿ ಗೋಕಾಕದಿಂದ ಬೇರೆ ತಾಲ್ಲೂಕಾಯಿತು. 2011ರ ಜನಗಣತಿಯಲ್ಲಿ ಮೂಡಲಗಿ ತಾಲ್ಲೂಕು ಅಂತ ಹುಡುಕಿದರೆ ಏನೂ ಸಿಗಲ್ಲ, ಊರುಗಳೆಲ್ಲ ಗೋಕಾಕದ ಕೆಳಗಿವೆ. ಜಾಗದ ಹೆಸರೇ ಬದಲಾಗುತ್ತಿರುವಾಗ ಮನುಷ್ಯರ ಹೆಸರಿನ ಕೀಲಿಯನ್ನು ಶಾಶ್ವತ ಅಂತ ಹೇಗೆ ನಂಬೋದು?

ಇಲ್ಲಿ ಒಂದು ಎಚ್ಚರಿಕೆ. ಪ್ಯಾರಾಮೀಟರ್ ಮಾಡಿದ ಕೂಡಲೇ ಕೀಲಿ ಭದ್ರವಾಯಿತು ಅಂತಲ್ಲ. ಪವರ್ ಕ್ವೆರಿಯಲ್ಲಿ ಪ್ಯಾರಾಮೀಟರಿನ ಬೆಲೆ ಕೂಡ ಅದೇ ಫೈಲಿನಲ್ಲಿ ಸಾದಾ ಅಕ್ಷರದಲ್ಲಿ ಕೂತಿರುತ್ತೆ. ಫೈಲು ಕಳಿಸಿದರೆ ಅದೂ ಹೋಗುತ್ತೆ. ದಫ್ತರಿನೊಳಗಿಂದ ಕೀಲಿ ತೆಗೆದು ದಫ್ತರಿನ ಮೇಲೆ ಕಟ್ಟಿದ ಹಾಗೆ. ಬದಲಿಸೋದು ಸುಲಭವಾಯಿತು, ಅಷ್ಟೇ. ಮುಂದಿನ ಹೆಜ್ಜೆ, ಕೀಲಿಯನ್ನು ಫೈಲಿನಿಂದಲೇ ಹೊರಗಿಡೋದು. ಪವರ್ ಕ್ವೆರಿಯ ವೆಬ್ ಡಾಟ್ ಕಂಟೆಂಟ್ಸ್ ಫಂಕ್ಷನ್ನಿಗೆ ಎಪಿಐ ಕೀ ನೇಮ್ ಅನ್ನುವ ಆಯ್ಕೆ ಇದೆ. ಅಲ್ಲಿ ಕೀಲಿಯ ಹೆಸರು ಮಾತ್ರ ಬರೀತೀರಿ. ನಿಜವಾದ ಕೀಲಿ ಬಳಸುವವರ ಕಂಪ್ಯೂಟರಿನ ಕ್ರೆಡೆನ್ಶಿಯಲ್ ಜಾಗದಲ್ಲಿ ಉಳಿಯುತ್ತೆ. ಪೈಥಾನ್ ಬರೆಯುವವರು ಎನ್ವಿರಾನ್ಮೆಂಟ್ ವೇರಿಯೇಬಲ್‌ನಲ್ಲಿ ಇಡ್ತಾರೆ. ಬದಲಾಗುವ ಸಂರಚನೆ ಕೋಡಿನಲ್ಲಿರಬಾರದು, ಪರಿಸರದಲ್ಲಿರಬೇಕು ಅಂತ 2011ರಲ್ಲಿ ಹೆರೋಕು ಕಂಪನಿಯ ಆಡಮ್ ವಿಗ್ಗಿನ್ಸ್ ತಮ್ಮ 'ಟ್ವೆಲ್ವ್ ಫ್ಯಾಕ್ಟರ್ ಆಪ್' ಬರಹದಲ್ಲಿ ಹೇಳಿದ್ದು ಇದನ್ನೇ. ಅವರು ಕೊಟ್ಟ ಪರೀಕ್ಷೆ ಸರಳ: ನಿಮ್ಮ ಕೋಡನ್ನು ಈ ಕ್ಷಣ ಊರಿಗೆಲ್ಲ ತೆರೆದಿಟ್ಟರೂ ಯಾವ ಕೀಲಿಯೂ ಬಯಲಾಗಬಾರದು. ಕೆರ್ಕಾಫ್ಸರ ಮಾತು 128 ವರ್ಷದ ಮೇಲೆ ಬೇರೆ ವೇಷದಲ್ಲಿ ಬಂತು.

ಇನ್ನೆರಡು ಸಣ್ಣ ಮಾತು, ಕೆಲಸಕ್ಕೆ ಬರುವಂಥವು. ಕೀಲಿ ವಿಳಾಸದ ಸಾಲಿನಲ್ಲೇ ಹೋಗುವಂತಿದ್ದರೆ ಸರ್ವರಿನ ಲಾಗುಗಳಲ್ಲಿ ಅದರ ಗುರುತು ಉಳಿಯುತ್ತೆ. ಸೇವೆ ಒಪ್ಪಿದರೆ ಹೆಡರ್‌ನಲ್ಲಿ ಕಳಿಸಿ. ಗಿಟ್‌ನಲ್ಲಿ ಒಮ್ಮೆ ಸೇರಿದ ಕೀಲಿಯನ್ನು ನಾಳೆ ಅಳಿಸಿದರೆ ಇಂದಿನ ಪ್ರತಿಯಿಂದ ಹೋಗುತ್ತೆ, ಚರಿತ್ರೆಯಿಂದ ಹೋಗಲ್ಲ. ಆಗ ಮಾಡಬೇಕಾದ ಮೊದಲ ಕೆಲಸ ಕೀಲಿಯನ್ನೇ ರದ್ದು ಮಾಡಿ ಹೊಸದು ಪಡೆಯೋದು, ಅಳಿಸೋದು ಆಮೇಲೆ.

ಇಷ್ಟಕ್ಕೂ ಇದರಲ್ಲಿ ಪಣಕ್ಕಿರೋದು ಏನು? 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪೇಟೆಗೆ ನುಗ್ಗಿದಾಗ, ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಎಷ್ಟು ನೀರು ಬಿಡ್ತಿದ್ದಾರೆ ಅನ್ನುವ ಒಂದು ಸಂಖ್ಯೆಗಾಗಿ ನದಿ ದಂಡೆಯ ಮನೆಗಳು ಕಾಯುತ್ತಿದ್ದವು. ಅಂಥ ಸಂಖ್ಯೆಗಳನ್ನು ತಂದು ತೋರಿಸುವ ಫೈಲುಗಳನ್ನು ನಮ್ಮಂಥವರೇ, ರಜೆ ದಿನ ಕೂತು, ಯಾರೂ ಕೇಳದಿದ್ದರೂ ಮಾಡ್ತೀವಿ. ಅವು ನಾವಿಲ್ಲದಾಗಲೂ ನಡೆಯಬೇಕು. ನಾವು ನಿದ್ದೆಯಲ್ಲಿದ್ದಾಗ, ವಿಮಾನದಲ್ಲಿದ್ದಾಗ, ಬೇರೆ ಕಂಪನಿಗೆ ಹೋದಾಗ, ಊರಿನ ಇನ್ನೊಬ್ಬರು ತಮ್ಮ ಕೀಲಿ ಹಾಕಿ ತೆರೆಯುವಂತಿರಬೇಕು.

ತಲಾಠಿಗಳು ಚಾರ್ಜ್ ಕೊಡುವ ಪದ್ಧತಿ ಇದೆಯಲ್ಲ, ಅದನ್ನೇ ನಾವೂ ಇಟ್ಟುಕೊಳ್ಳಬಹುದು. ದಫ್ತರುಗಳನ್ನು ಎಣಿಸಿ ಒಪ್ಪಿಸೋದು, ಬರುವವರಿಗೆ ಅವರ ಹೆಸರಿನದೇ ಕೀಲಿ ಮಾಡಿಸೋದು, ನಮ್ಮದನ್ನು ರದ್ದು ಮಾಡಿಸೋದು. ಮುಂದಿನ ಸಲ ಕೆಲಸ ಬದಲಿಸುವಾಗ ನೋಟಿಸ್ ಪಿರಿಯಡ್‌ನ ಒಂದು ಮಧ್ಯಾಹ್ನ ಇದಕ್ಕೆ ಸಾಕು.